ಇಡೀ ಫೋಟೋ

ಅಕ್ಕನಿಗೆ ನಮಸ್ಕಾರ,

ನಿನ್ನ ಮಗಳ ಶಾಲೆಯಲ್ಲಿ ನಾನು ತೆಗೆದ ಫೋಟೋಗಳನ್ನು ಟೀವಿಯಲ್ಲಿ ನೋಡಲೆಂದು ಹೋದ ತಿಂಗಳು ನಿನಗೆ ಮೆಮೊರಿ ಕಾರ್ಡ್ ಕೊಟ್ಟಿದ್ದೆ. ನಿನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿರಬೇಕು, ಕಳಿಸಿಕೊಡು. ನನ್ನ ಸ್ಟುಡಿಯೋದಲ್ಲಿ ಕತ್ತರಿಸಿದ ಫೋಟೋ ಮಾತ್ರ ಉಳಿದಿದೆ.

"ಮಗಳು ದೊಡ್ಡದಾಗಿ ಕಾಣ್ಲಿ, ಮೇಲಿಂದೆಲ್ಲ ತೆಗೆದುಬಿಡು" ಎಂದಿದ್ದರು ಭಾವ. ತೆಗೆದೆ. ಮರ ಹೋಯಿತು, ಕೊಂಬೆಗೆ ಸಿಕ್ಕಿಕೊಂಡಿದ್ದ ಚೆಂಡೂ ಹೋಯಿತು. ಉಳಿದದ್ದು ಕೋಲೆತ್ತಿದ ಟೀಚರಮ್ಮ, ಉದುರುವ ಎಲೆಗೆ ಹೆದರಿ ತಲೆ ಮುಚ್ಚಿಕೊಂಡ ನಿನ್ನ ಮಗಳು. 'ಮಕ್ಕಳಿಗೆ ಹೊಡೆಯುವ ಟೀಚರ್' ಎಂದು ಅದರಡಿ ಮೊದಲು ಬರೆದವರು ಯಾರೆಂದು ನಾನು ಕೇಳಿಲ್ಲ, ನೀನೂ ಹೇಳಿಲ್ಲ. ಅದು ಊರವರ ಮೊಬೈಲಿಗೆಲ್ಲ ಹೋಯಿತು. ಟೀಚರಮ್ಮನ ಕೆಲಸವೂ ಹೋಯಿತು. ಅಂಗಡಿಗೆ ಬಂದವರಿಗೆಲ್ಲ "ಅದು ಹಾಗಲ್ಲ" ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. "ಕಣ್ಣಾರೆ ನೋಡಿದೀವಲ್ಲ" ಅನ್ನುತ್ತಾರೆ.

ಇಡೀ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ. ಕತ್ತರಿಸಿದವನು ನಾನೇ ಎಂದು ಕೆಳಗೆ ಬರೆಯುತ್ತೇನೆ. ಭಾವನ ಹೆಸರು ಹಾಕುವುದಿಲ್ಲ. ಆದರೆ ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ. ಇದನ್ನು ಅವರಿಗೆ ಈಗಲೇ ಹೇಳಿಬಿಡು.

ನಿನ್ನೆ ಟೀಚರಮ್ಮ ಸ್ಟುಡಿಯೋಗೆ ಬಂದಿದ್ದರು. ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಲು ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಕೂತು ಒಂದೇ ಒಂದು ಮಾತು ಕೇಳಿದರು: "ಇದ್ರಲ್ಲಿ ಕೈ ಬರಲ್ಲ ಅಲ್ವಾ?"

ಕಾರ್ಡನ್ನು ನಾಳೆಯೇ ಕಳಿಸು, ಅಕ್ಕಾ.

ನಿನ್ನ ತಮ್ಮ