ಅಮ್ಮನ ಹಿತ್ತಾಳೆ ಕಂಬಿ

ಜುಲೈ 8, ಮಂಗಳವಾರ, ಬೆಳಿಗ್ಗೆ

ಎಂದಿನಂತೆ. ಸ್ನಾನ ಮುಗಿಸಿ ಅಮ್ಮ ಬಚ್ಚಲಿಂದ ಬಾಲ್ಕನಿಯ ತುಳಸಿಗೆ ಹೊರಟಳು. ಮಡಿ, ಒದ್ದೆ ಸೀರೆ. ಹಾಲ್ ಉದ್ದಕ್ಕೂ ನೀರಿನ ಗೆರೆ. ಕಾಫಿ ಲೋಟ ಹಿಡಿದು ಗೋಡೆಗೆ ಅಂಟಿಕೊಂಡೆ.

"ದೂರ ನಿಲ್ಲೋ ಸುಶಮಿ. ಎಂಜಲು ಲೋಟ ಬೇರೆ!"

ಎಂಬತ್ತರ ಹತ್ತಿರ. ಬೆನ್ನು ಇನ್ನೂ ನೆಟ್ಟಗೆ. ಮಗನಾದ ನನಗೆ ನೋಡಲು ಚೆಂದ. ಭಯವೂ.

ಜುಲೈ 22, ಮಂಗಳವಾರ

ದ್ವಾದಶಿ. ನಿನ್ನೆ ಏಕಾದಶಿ, ಅಮ್ಮ ಇಡೀ ದಿನ ನೀರೂ ಕುಡಿದಿರಲಿಲ್ಲ. ಬೆಳಗಾಗುವ ಮೊದಲೇ ಧಡ್ ಎಂಬ ಸದ್ದು. ತನ್ನ ಸೀರೆಯಿಂದ ಇಳಿದ ನೀರಿನಲ್ಲೇ ಜಾರಿ ಬಿದ್ದಿದ್ದಳು. "ಮುಟ್ಟಬೇಡ, ದೀಪ ಹಚ್ಚಿಲ್ಲ ಇನ್ನೂ." ಮುಟ್ಟಿದೆ, ಎತ್ತಿದೆ.

ಎಕ್ಸ್‌ರೇ. ಮೂಳೆ ಸರಿ, ಮಣಿಕಟ್ಟು ಊದಿದೆ. ಇನ್ನೊಮ್ಮೆ ಬಿದ್ದರೆ ಸೊಂಟ, ಎಂದರು ಡಾಕ್ಟರು. ಆಟೋದಲ್ಲಿ ಹೇಳಿದೆ — ಈ ಮಡಿ ಸಾಕು.

"ತುಳಸಿಗೆ ದೀಪ ಯಾರು ಹಚ್ಚೋದು? ನೀನಾ?"

ನಾನು ಇದನ್ನೆಲ್ಲ ನಂಬುವುದು ಬಿಟ್ಟು ಬಹಳ ಕಾಲವಾಯಿತು. ಅವಳಿಗೆ ಗೊತ್ತು. ಅಡ್ಯಾರ್‌ನ ನಮ್ಮ ಮನೆ ಮುಂದೆ ಆಟೋ ನಿಂತಾಗ ನನ್ನ ಕೈ ಹಿಡಿಯದೆ ತಾನೇ ಇಳಿದಳು.

ಜುಲೈ 27, ಭಾನುವಾರ

ಬಚ್ಚಲಿಂದ ಬಾಲ್ಕನಿವರೆಗೆ ಗೋಡೆಗೆ ಸ್ಟೀಲ್ ಕಂಬಿ ಹಾಕಿಸಿದೆ. ಬಚ್ಚಲಲ್ಲಿ ಜಾರದ ಮ್ಯಾಟ್, ಕೂತು ಸ್ನಾನ ಮಾಡಲು ಸ್ಟೂಲ್. ನನ್ನ ಮಗಳು ಹರಿಪ್ರಿಯಾ ಹುರುಪಿನಿಂದ, ಗಟ್ಟಿಯಾಗಿ ಹಿಡ್ಕೊಳ್ಳಿ ಅಂತ ತನ್ನ ತಮಿಳಿನಲ್ಲಿ, "ಅಜ್ಜಿ, ಕೆಟ್ಟಿಯಾ ಪುಡಿಚ್ಚುಕ್ಕೋಂಗೊ!" ಅಜ್ಜಿ ಹಿಡಿಯಲಿಲ್ಲ. ಹಾಲ್ ನಟ್ಟನಡುವೆ ನಡೆದಳು, ಒದ್ದೆ ಸೀರೆಯಲ್ಲೇ.

"ಕಂಡೋರೆಲ್ಲ ಮುಟ್ಟಿದ ಕಂಬಿ. ಮಡೀಲಿ ಹೇಗೋ ಹಿಡೀಲಿ?"

ಸಿಟ್ಟು ಬಂತು. ಆಮೇಲೆ ಅನ್ನಿಸಿತು... ಅವಳ ಎತ್ತರದ ಅಳತೆ ತೆಗೆದಿದ್ದೆ, ಹೆಜ್ಜೆಯ ಅಳತೆ ತೆಗೆದಿದ್ದೆ. ಅವಳನ್ನು ಕೇಳಿರಲಿಲ್ಲ.

ಆಗಸ್ಟ್ 2, ಶನಿವಾರ

ಕೇಳಿದೆ. ಒಪ್ಪಂದವಾಯಿತು. ಸ್ಟೀಲ್ ಕಂಬಿಯ ಮೇಲೆ ಇನ್ನೊಂದು — ಹಿತ್ತಾಳೆಯದು, ಅವಳೊಬ್ಬಳದು. ಪ್ಯಾರೀಸ್ ಕಾರ್ನರ್‌ನ ಅಂಗಡಿ ಬೀದಿಗಳಲ್ಲಿ ಅಲೆದು ತಂದೆ. ಅದಕ್ಕೆ ಬದಲಾಗಿ ಒದ್ದೆ ಸೀರೆ ಇಲ್ಲ. ಹಿಂದಿನ ದಿನ ಒಣಹಾಕಿದ ಮಡಿ ಸೀರೆ. ಬಚ್ಚಲಲ್ಲೇ, ಮೈ ಒರೆಸಿಕೊಂಡು, ಉಟ್ಟು ಬರುವುದು.

ಡ್ರಿಲ್ ಹಿಡಿದವನಿಗೆ ಅವಳೇ ಮೇಸ್ತ್ರಿ. "ಇನ್ನುಂ ಕೊಂಚಂ ಕೀಳೆ ಪ್ಪಾ!" ಇನ್ನೂ ಸ್ವಲ್ಪ ಕೆಳಗೆ ಬೇಕಂತೆ. ಅವನು ಹೋದ ಮೇಲೆ ಹುಣಸೆಹಣ್ಣಲ್ಲಿ ತಿಕ್ಕಿದಳು, ನೋವಿಲ್ಲದ ಕೈಯಲ್ಲಿ. ಎದುರುಮನೆ ಅನಸೂಯಮ್ಮ ನೋಡಲು ಬಂದರು.

"ನೋಡ್ರೀ, ಚೆನ್ನಾಗಿ ನೋಡ್ರಿ. ಕೈ ಮಾತ್ರ ಹಿಂದೆ ಕಟ್ಕೊಳ್ಳಿ."

ಆಗಸ್ಟ್ 6, ಬುಧವಾರ, ಬೆಳಿಗ್ಗೆ 6.30

ಮತ್ತೆ ದ್ವಾದಶಿ. ಮತ್ತೆ ನಿನ್ನೆಯಿಡೀ ಉಪವಾಸ. ಒಣ ಸೀರೆ, ಒಣ ನೆಲ. ಕೈ ಹಿತ್ತಾಳೆಯ ಮೇಲೆ. ಅರ್ಧ ದಾರಿಯಲ್ಲಿ ನಿಂತಳು. ಕಣ್ಣು ಮುಚ್ಚಿದಳು. ತಲೆ ಸುತ್ತಿರಬೇಕು. ನನ್ನ ಕೈ ತಾನಾಗಿ ಚಾಚಿತು.

"ಅಲ್ಲೇ ನಿಲ್ಲು. ಇದಿದೆಯಲ್ಲ."

ನಿಂತೆ. ಅವಳ ಬೆರಳುಗಳು ಬಿಗಿಯಾದವು. ಕಂಬಿ ಅಲುಗಲಿಲ್ಲ. ಒಂದು ದೀರ್ಘ ಉಸಿರು... ನಡೆದಳು. ದೀಪ ಹಚ್ಚಿದಳು. ನನ್ನ ಕಡೆ ತಿರುಗಿದಳು.

"ನೋಡ್ದ್ಯಾ?"

ನೋಡಿದೆ. ಅವಳನ್ನು ಕಂಡು ಹೆಮ್ಮೆ ಎಂದು ಬರೆದು ಹೊಡೆದುಹಾಕಿದೆ, ಇದನ್ನೆಲ್ಲ ನಂಬದ ನನ್ನ ಮಾತಲ್ಲವೆಂದು. ಮತ್ತೆ ಬರೆಯುತ್ತಿದ್ದೇನೆ. ಹೆಮ್ಮೆ.

ಉಪವಾಸ ಮುರಿಯುವ ಪಾರಣೆಗೆ ಕರೆಯುತ್ತಿದ್ದಾಳೆ. ಎಲೆ ನಾನು ಹಾಕಬೇಕಂತೆ. ಹೋಗಬೇಕು — ಅವಳ ಗೋಡೆ ಬಿಟ್ಟು, ಈಚೆ ಕಡೆಯಿಂದ, ಕೈ ಹಿಂದೆ ಕಟ್ಟಿಕೊಂಡು...