ಮೂಜಿಯಾದ ಮೇಲೆ

ಥಾರ್ನ್‌ಕ್ಲಿಫ್ ಪಾರ್ಕ್,
ಸೋಮವಾರ

ಪ್ರೀತಿಯ ವಾರಿಜಕ್ಕ,

ಫೋನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ. ನಾನು ಬೋಲ್ಟನ್ನಿಗೆ ಶಿಫ್ಟಿಗೆ ಹೋದಾಗಲೆಲ್ಲ ನೀವು ನೋಡಿಕೊಳ್ಳುತ್ತಿದ್ದ ನನ್ನ ಮಗ ಪ್ರಣೀತ, ಶನಿವಾರ ಕಾಲೇಜಿನ ಕೊನೆಯ ಫುಟ್‌ಬಾಲ್ ಪಂದ್ಯ ಆಡಿದ. ಸೋತರು. ಅವನ ಭುಜ ಹೋಗಿದೆ, ಇನ್ನು ಆಡುವುದಿಲ್ಲ.

ಚಿಕ್ಕವನಿದ್ದಾಗ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ಅವನ ಕೈ ಹಿಡಿದು, ತುಳುವಿನಲ್ಲಿ "ಒಂಜಿ, ರಡ್ಡ್, ಮೂಜಿ" ಎಂದು ಎಣಿಸಿ ಹಾರಿಸುತ್ತಿದ್ದಿರಲ್ಲ? ಈ ದೇಶದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ; ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ಅಂದರೆ ನಮ್ಮ ಪ್ರಣೀತ, ಕೂಗಿದ ಮೇಲೆಯೇ ಚೆಂಡು ಅವನ ಕೈಗೆ ಬರುವುದು. ಗದ್ದಲದಲ್ಲಿ ಬೇರೆಯವರ ಕೂಗಿನೊಂದಿಗೆ ಬೆರೆಯದಿರಲೆಂದು ಅವನು ಕೊನೆಯವರೆಗೂ ನಿಮ್ಮ ಎಣಿಕೆಯನ್ನೇ ಕೂಗಿದ. ಪಂಜಾಬಿ ಹುಡುಗರು, ಜಮೈಕಾದ ಹುಡುಗರು, ಎಲ್ಲರೂ ಮೂಜಿ ಎಂದೊಡನೆ ನುಗ್ಗುತ್ತಿದ್ದರು.

ಶನಿವಾರ ಸೋತ ಮೇಲೂ ತಂಡದ ಹುಡುಗರು ಅವನನ್ನು ಹೆಗಲಿಗೇರಿಸಿಕೊಂಡು ಎಣಿಸಿದರು. ಮೂಜಿಗೆ ನಿಂತುಬಿಟ್ಟರು. ಮುಂದಿನದು ಇವನಿಗೂ ಗೊತ್ತಿಲ್ಲ.

"ಅಷ್ಟೊತ್ತಿಗೆ ನಾನು ಜಂಪ್ ಮಾಡ್ಬಿಡ್ತಿದ್ದೆ, ಮಾ" ಎಂದ.

ಮೈಸೂರಿನವಳಾದ ನನಗೆಲ್ಲಿ ತುಳು ಬರಬೇಕು? ದಯವಿಟ್ಟು ನಾಲ್ಕರಿಂದ ಹತ್ತರವರೆಗೆ ನಿಮ್ಮ ದನಿಯಲ್ಲೇ ಹೇಳಿ, ಮಗಳ ಫೋನಿನಿಂದ ಕಳಿಸಿ. ನಿಧಾನವಾಗಿ ಹೇಳಿ ಅಕ್ಕಾ. ಈಗ ಹಾರುವುದಿಲ್ಲ, ಕೂತು ಕೇಳುತ್ತಾನೆ.

ಎಂದೂ ನಿಮ್ಮ ಎದುರುಮನೆಯವಳು,
ಸುಜಯಾ