ಗೆಲ್ಲುವ ಚೆಂಡನ್ನು ಕೊಟ್ಟವಳಿಗೆ

ವಿಜಯನಗರ, ಬೆಂಗಳೂರು
ನವೆಂಬರ್ ೧೨, ೨೦೨೫

ಪ್ರೀತಿಯ ರಕ್ಷಾ,

ಅಜ್ಜನ ಆಶೀರ್ವಾದಗಳು. ಪುಣೆಯಲ್ಲಿ ಚಳಿ ಶುರುವಾಗಿರಬೇಕು, ಪಾದದ ಹಳೇ ನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಆ ಪ್ರೋಟೀನ್ ಡಬ್ಬಿಯ ಪುಡಿಯನ್ನೇ ಕಲಸಿ ಕುಡಿಯುತ್ತೀಯೋ? ಇಲ್ಲಿ ಎಲ್ಲರೂ ಕ್ಷೇಮ. ನನ್ನ ರಕ್ತದೊತ್ತಡ ಮಾತ್ರ ಸ್ವಲ್ಪ ಏರಿದೆ. ಕಾರಣ ಉಪ್ಪಲ್ಲ, ಪತ್ರಿಕೆಯ ಕ್ರೀಡಾಪುಟ. ಯಾವನೋ ಕ್ರಿಕೆಟಿಗ ಹೊಸ ನಾಯಿ ತಂದದ್ದಕ್ಕೆ ಮೂರು ಕಾಲಂ, ಫೋಟೋ ಸಮೇತ. ನಿಮ್ಮ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ನಾಲ್ಕೇ ಸಾಲು. ಅದರಲ್ಲೂ ನಿನ್ನ ಹೆಸರು ಬಂದಿರುವುದು, ಕೊನೆಯ ಗಳಿಗೆಯಲ್ಲಿ ಚೆಂಡನ್ನು ಬೇರೆಯವಳಿಗೆ ಕೊಟ್ಟು ಸೋಲು ತಂದವಳು ಎಂದು! ಸಂಪಾದಕರಿಗೆ ಬರೆದು ಹಾಕಿದ್ದೇನೆ. ನಾಯಿಗೂ ಶುಭ ಕೋರಿದ್ದೇನೆ.

ಹೀಗೇ ಪಾಸ್ ಕೊಡುತ್ತಿದ್ದು, ಬುಟ್ಟಿಗೆ ನೀನೇ ಹಾಕದಿದ್ದರೆ ಮುಂದಿನ ಸೀಸನ್‌ಗೆ ಕ್ಲಬ್ಬಿನವರು ನಿನ್ನನ್ನು ಉಳಿಸಿಕೊಳ್ಳುವುದಿಲ್ಲ ಎಂದು ಮೊನ್ನೆ ಫೋನಿನಲ್ಲಿ ನೀನೇ ಹೇಳಿದೆ. ಇದೇ ಇಪ್ಪತ್ತಮೂರನೇ ತಾರೀಕಿನ ಪಂದ್ಯ ನೋಡಿ ತೀರ್ಮಾನ ಮಾಡುತ್ತಾರಂತೆ. ಆಟ ಬದಲಾಯಿಸಲೋ, ಬಿಟ್ಟು ಬರಲೋ ಎಂದು ನನ್ನನ್ನು ಕೇಳಿದೆ. ಫೋನಿನಲ್ಲಿ ಏನು ಹೇಳಿದರೂ “ಆಯ್ತು ಅಜ್ಜಾ” ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಕ್ಲಬ್ಬಿನವರಿಗೆ ಗೊತ್ತಿಲ್ಲದಿರಬಹುದು, ನನಗೆ ನೆನಪಿದೆ. ಬಸವೇಶ್ವರನಗರದ ಕಾಲೇಜಿನಲ್ಲಿ ಮೊದಲ ವರ್ಷ ನಿನ್ನನ್ನು ಕುಳ್ಳಿ ಎಂದು ನೀರಿನ ಬಾಟಲಿ ಕಾಯಲು ಕೂರಿಸಿದ್ದರು. ಎತ್ತರದ ಹುಡುಗಿಯರೆಲ್ಲ ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತಿರುತ್ತಿದ್ದರು, ಚೆಂಡನ್ನು ಅಲ್ಲಿಗೆ ತಲುಪಿಸುವವರೇ ಇರಲಿಲ್ಲ. ನಿನ್ನನ್ನು ಇಳಿಸಿದ ದಿನ ತಲುಪಿತು. ನಿನ್ನಂಥ ಗಾರ್ಡ್ ಎಂದರೆ ಕಾವಲು ಕಾಯುವವಳಲ್ಲ, ಆಟ ನಡೆಸುವವಳು ಎಂದು ನನಗೆ ತಿಳಿದದ್ದೇ ಅಂದು. ಆಮೇಲೆ ವಿಶ್ವವಿದ್ಯಾಲಯದ ತಂಡ, ರಾಜ್ಯದ ತಂಡ, ಕ್ರೀಡಾ ಕೋಟಾದಲ್ಲಿ ಬ್ಯಾಂಕಿನ ಕೆಲಸ. ಅದನ್ನು ಬಿಟ್ಟು ಪುಣೆಯ ಕ್ಲಬ್ಬು ಸೇರಿದಾಗ ನಿನ್ನಪ್ಪ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಟಿವಿಯೊಂದಿಗೆ ಜಗಳವಾಡುತ್ತಿದ್ದ. ಪಾದದ ಮೂಳೆ ಮುರಿದು ಒಂದು ಸೀಸನ್ ಪೂರ್ತಿ ಇಲ್ಲಿದ್ದಾಗ ನೀನು ಕುರ್ಚಿಯಲ್ಲಿ ಕೂತೇ ನೆಲಕ್ಕೆ ಚೆಂಡು ಬಡಿದದ್ದೂ ಬಡಿದದ್ದೇ, ಕೆಳಮನೆಯ ಚಿಕ್ಕಲಕ್ಷ್ಮಮ್ಮ “ಏನ್ ಸಾರ್, ನಿಮ್ಮನೇಲಿ ದಿನಾ ಖಾರದಪುಡಿ ಕುಟ್ತೀರಾ?” ಎಂದು ಮೇಲೆ ಬಂದಿದ್ದರು. ಇಷ್ಟಾಗಿಯೂ ಮತ್ತೆ ಹೋಗಿ ತಂಡವನ್ನು ಸೆಮಿಫೈನಲ್‌ವರೆಗೆ ಕರೆದೊಯ್ದವಳು ಯಾರು? ಯಾರು ಎಷ್ಟು ಅಂಕ ಗಳಿಸಿದರೆಂದು ಎಲ್ಲರೂ ಬರೆಯುತ್ತಾರೆ. ಅವರ ಕೈಗೆ ಚೆಂಡು ಹೇಗೆ ಬಂತೆಂದು ಒಬ್ಬನಾದರೂ ಬರೆದನೇ?

ನಿನ್ನೆ ಪಾರ್ಕಿನಲ್ಲಿ, ನನ್ನ ಜೊತೆ ವಾಕಿಂಗ್ ಬರುವ ಮುನಿರಾಜು ಕೆಣಕಿದ: “ಏನ್ ಸಾರ್, ನಿಮ್ ಮೊಮ್ಮಗಳು ಗೆಲ್ಲೋ ಮ್ಯಾಚನ್ನ ದಾನ ಮಾಡ್ಬಿಟ್ಳಂತೆ!” “ಒಂದ್ಸಲನಾದ್ರೂ ಕಾಫಿ ಕೊಡ್ಸಿದ್ಯೇನಪ್ಪ? ಆಮೇಲೆ ದಾನದ ಮಾತಾಡು” ಎಂದೆ. ಕೊಡಿಸಿದ. ಆ ಪಾಸಿನಿಂದ ನನಗಂತೂ ಲಾಭವಾಗಿದೆ.

ಆದ್ದರಿಂದ ಬಿಟ್ಟು ಬರುವ ಮಾತು ಬೇಡವೇ ಬೇಡ. ಆಟವನ್ನೂ ಬದಲಾಯಿಸಬೇಡ. ಪಾಸ್ ಕೊಡುವುದೇ ನಿನ್ನ ಆಟ, ಕೊಡು. ಅಪ್ಪ, ಅಮ್ಮ ನಿನ್ನನ್ನು ಬಹಳ ನೆನೆಯುತ್ತಾರೆ. ರಾತ್ರಿ ಪಾದಕ್ಕೆ ಬೆಚ್ಚಗೆ ಎಣ್ಣೆ ಹಚ್ಚಿಕೋ. ನಿನಗೆ ಸದಾ ಒಳ್ಳೆಯದಾಗಲಿ.

ನಿನ್ನ ಅಜ್ಜ,
ಗುರುಸಿದ್ದಯ್ಯ

ತಾ.ಕ.: ಕಾಗದವನ್ನು ನಿನ್ನ ಅಜ್ಜಿಗೆ ಓದಿ ಹೇಳಿದೆ. ಮೆಚ್ಚಲಿಲ್ಲ. ಪಂದ್ಯದ ಆ ಕೊನೆಯ ಗಳಿಗೆಯ ವಿಡಿಯೋವನ್ನು ಫೋನಿನಲ್ಲಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. “ನೋಡ್ರೀ, ಆ ಇನ್ನೊಂದು ಹುಡುಗೀನ ಇಬ್ರು ಮುತ್ಕೊಂಡಿದಾರೆ. ನಮ್ ಕೂಸಿನ ಎದುರಿಗೆ ಯಾರಿದಾರೆ? ದಾಸೋಹದಲ್ಲಿ ಎಲ್ರದ್ದೂ ಆದ್ಮೇಲೆ ಬಡಿಸ್ದೋರೂ ಕೂತು ಉಣ್ಬೇಕು. ಆಗ್ಲೂ ನಂಗ್ಬೇಡ ಅಂದ್ರೆ ಅಡಿಗೆ ಮಾಡ್ದೋರಿಗೆ ಅವಮಾನ. ಅದನ್ನ ಬರೀರಿ ಮೊದ್ಲು!” ಎಂದಳು. ಕನ್ನಡಕ ಒರೆಸಿಕೊಂಡು ನಾನೂ ನೋಡಿದೆ. ನಿಜ ಕಣೇ, ಜಾಗ ಖಾಲಿ ಇತ್ತು. ಇಪ್ಪತ್ತಮೂರಕ್ಕೆ ಹಾಗೆ ಖಾಲಿ ಸಿಕ್ಕರೆ ಅತ್ತಿತ್ತ ನೋಡಬೇಡ, ನೀನೇ ಹಾಕು. ತಪ್ಪಿದರೂ ತಪ್ಪಲಿ, ಹಾಕು.